ತಕ್ಕಡಿ ಸಾಹೇಬರ ಮುಳುಗು ವಿಮೆ

ತಕ್ಕಡಿ ಸಾಹೇಬರು ಸಾಯಲು ಹೊರಟಿದ್ದಾರೆ ಎಂಬ ಸುದ್ದಿ ನಮ್ಮ ಬೀದಿಯಲ್ಲಿ ಹರಡಿದ ಹೊತ್ತಿಗೆ ಅವರು ತಮ್ಮ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಸಾಯಲು ಹೊರಟವನಿಗೆ ಉಗುರಿನ ಗೊಡವೆ ಏಕೆ ಎಂದು ಯಾರೂ ಯೋಚಿಸಲಿಲ್ಲ. ಎದುರು ಮನೆಯಾಕೆ ಕಿಟಕಿಯಿಂದ ನೋಡಿ, "ಪಾಪ, ಎಲ್ಲಾ ಚೊಕ್ಕ ಮಾಡ್ಕೊಂಡೇ ಹೊರಡ್ತಿದ್ದಾರೆ" ಎಂದು ಕಣ್ಣೊರೆಸಿಕೊಂಡಳಂತೆ.

ಇಷ್ಟಕ್ಕೆಲ್ಲ ಕಾರಣ ಅವರ ಭುಜ.

ಸಾಹೇಬರು ತೂಕ ಮತ್ತು ಅಳತೆ ಕಚೇರಿಯಲ್ಲಿ ಇನ್ಸ್‌ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿಗಳನ್ನು, ತೂಕದ ಬಟ್ಟುಗಳನ್ನು ಪರೀಕ್ಷಿಸಿ, ಸರಿ ಇದ್ದರೆ ಮುದ್ರೆ ಒತ್ತುವುದು, ಸವೆದಿದ್ದರೆ ಕಿತ್ತುಕೊಂಡು ಬರುವುದು. ಇಪ್ಪತ್ತಾರು ವರ್ಷ ಈ ಕೆಲಸ ಮಾಡಿದ ಮೇಲೆ ಅವರ ಹೆಸರು ಬೀದಿಗೆ ಮರೆತುಹೋಗಿ ತಕ್ಕಡಿ ಸಾಹೇಬರು ಎಂಬುದೊಂದೇ ಉಳಿದಿತ್ತು. ಒಂದು ದಿನ ಬಂದರಿನ ಪಕ್ಕದಲ್ಲಿದ್ದ ಸ್ಕೂಬಾ ಶಾಲೆಗೂ ಹೋದರು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯುವುದನ್ನು ಅಲ್ಲಿ ಕಲಿಸುತ್ತಾರೆ. ಇಳಿಯುವವರು ಸೊಂಟಕ್ಕೆ ಸೀಸದ ತುಂಡುಗಳನ್ನು ಕಟ್ಟಿಕೊಳ್ಳಬೇಕು. ಆ ಸೀಸ ತೂಗಲು ಅಲ್ಲೊಂದು ಪುಟ್ಟ ತಕ್ಕಡಿ ಇತ್ತು. ಸಾಹೇಬರು ಬಗ್ಗಿ ಅದರ ಮುಳ್ಳನ್ನು ನೋಡುತ್ತಿದ್ದಾಗ ಅಲ್ಲಿನ ಟೀಚರು, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮಾತಿಗೆ ಮಾತು ಎಂಬಂತೆ ಕೇಳಿದಳು.

"ಸರ್, ನೀವು ಈಜೋರಾ? ಭುಜ ನೋಡಿದ್ರೆ ಹಾಗನ್ಸುತ್ತೆ."

ಐವತ್ತೆರಡು ವರ್ಷಗಳಲ್ಲಿ ಸಾಹೇಬರ ಭುಜದ ಬಗ್ಗೆ ಅಭಿಪ್ರಾಯ ಕೊಟ್ಟವನು ದರ್ಜಿ ಒಬ್ಬನೇ. ಅವನೂ ಕೊಟ್ಟದ್ದು ಎಡಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ ಎಂದು. ಸಾಹೇಬರು ನೆಟ್ಟಗೆ ನಿಂತರು.

"ಹೌದು. ಸ್ವಲ್ಪ ಸ್ವಲ್ಪ."

ನೀರಿನೊಂದಿಗೆ ಅವರ ಸಂಬಂಧ ಅಲ್ಲಿಯವರೆಗೆ ಬಕೆಟ್ಟಿನ ಅಂಚಿನಾಚೆ ಹೋಗಿರಲಿಲ್ಲ. ಆದರೂ ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಅವರು ಕ್ಲಬ್ಬೊಂದರ ಈಜುಕೊಳದಲ್ಲಿ, ಇನ್ನೂ ಏಳು ಜನ ಎಳೆಯರ ಜೊತೆ ನಡುಗುತ್ತ ನಿಂತಿದ್ದರು. ಆರು ಭಾನುವಾರಗಳ ಕೋರ್ಸು. ಐದು ಕೊಳದಲ್ಲಿ, ಆರನೆಯದು ಸಮುದ್ರದಲ್ಲಿ.

ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಹೆಂಡತಿ ನಗುತ್ತಾಳೆ ಎಂಬ ಹೆದರಿಕೆ. "ಸಂತೆಯಲ್ಲಿ ವಿಶೇಷ ತಪಾಸಣೆ ಇದೆ" ಎಂದು ಹೊರಡುತ್ತಿದ್ದರು. ಹತ್ತು ಗಂಟೆಗೆ ಒದ್ದೆ ತಲೆ, ಕೆಂಪು ಕಣ್ಣು, ಮುಖದ ಸುತ್ತ ಮಾಸ್ಕ್ ಒತ್ತಿದ ಗುರುತು ಹೊತ್ತು ವಾಪಸಾಗುತ್ತಿದ್ದರು. ಹೆಂಡತಿ ನೋಡುತ್ತಿದ್ದಳು, ಏನೂ ಕೇಳುತ್ತಿರಲಿಲ್ಲ. ಆ ಮನೆಯಲ್ಲಿ ಕೇಳುವ ರೂಢಿ ತಪ್ಪಿ ಬಹಳ ಕಾಲವಾಗಿತ್ತು.

ಮೊದಲ ಎರಡು ಭಾನುವಾರ ಅವರು ಕೊಳದ ಅರ್ಧ ನೀರು ಕುಡಿದರು. ಮೂರನೆಯ ವಾರ ತೇಲಿದರು. ನಾಲ್ಕನೆಯ ವಾರ ಮುಳುಗಬೇಕಿತ್ತು, ಅದು ಮಾತ್ರ ಆಗಲಿಲ್ಲ. ಎಷ್ಟು ಸೀಸ ಕಟ್ಟಿದರೂ ಬಿರಡೆಯಂತೆ ಮೇಲೆ ಬರುತ್ತಿದ್ದರು. ಒಮ್ಮೆ ಹೇಗೋ ತಳ ಮುಟ್ಟಿದಾಗ ಟೀಚರು ಬೆರಳಿನ ಸನ್ನೆಯಲ್ಲಿ "ಸರಿ ಇದ್ದೀರಾ" ಎಂದು ಕೇಳಿದಳು. ಸಾಹೇಬರು ಖುಷಿಯಿಂದ ಹೆಬ್ಬೆರಳು ಎತ್ತಿ ತೋರಿಸಿದರು. ನೀರೊಳಗಿನ ಭಾಷೆಯಲ್ಲಿ ಅದಕ್ಕೆ "ಮೇಲಕ್ಕೆ ಕರೆದುಕೊಂಡು ಹೋಗಿ" ಎಂದರ್ಥ. ಅವಳು ಕರೆದುಕೊಂಡು ಹೋದಳು.

ಅವತ್ತು ಬಟ್ಟೆ ಬದಲಾಯಿಸಿಕೊಂಡು ಬಂದ ಮೇಲೆ ಟೀಚರು ಎಲ್ಲರನ್ನೂ ಕೂಡಿಸಿ ಹೇಳಿದಳು: "ಇನ್ನೆರಡು ವಾರಕ್ಕೆ ಸಮುದ್ರ. ಅಷ್ಟರಲ್ಲಿ ಅಪಘಾತ ವಿಮೆ ಬೇಕೋ ಬೇಡ್ವೋ ಯೋಚನೆ ಮಾಡಿ."

"ಹೊಸಬರಿಗೂ ಬೇಕಾ?" ಎಂದು ಸಾಹೇಬರು ಕೇಳಿದರು.

"ಬಲವಂತ ಇಲ್ಲ ಸರ್. ನಾವೆಷ್ಟು ಆಳಕ್ಕೆ ಹೋಗ್ತೀವಿ, ನಮಗ್ಯಾಕೆ ಅಂತಾರೆ ಹೊಸಬರು. ಗಾಬರಿ ಆಗಿ ಉಸಿರು ಕಟ್ಟಿ ಮೇಲಕ್ಕೆ ನುಗ್ಗೋದೂ ಹೊಸಬರೇ. ನಿಮ್ಮ ಹತ್ರ ಇರೋ ಪಾಲಿಸಿಯಲ್ಲಿ ನೀರೊಳಗಿನದು ಸೇರಿದೆಯಾ ಅಂತ ಮೊದಲು ವಿಚಾರಿಸ್ಕೊಳ್ಳಿ. ಎಷ್ಟೋ ಸಲ ಸೇರಿರಲ್ಲ."

ಪಕ್ಕದ ಮನೆಯಲ್ಲೇ ವಿಮೆ ಏಜೆಂಟರಿದ್ದರು. ಸಾಹೇಬರ ಇದ್ದೊಂದು ಪಾಲಿಸಿಯನ್ನು ಮಾಡಿಸಿಕೊಟ್ಟವರು ಅವರೇ. ಸೋಮವಾರ ಸಂಜೆ ಸಾಹೇಬರು ಅವರ ಮನೆಗೆ ಹೋಗಿ ಕುರ್ಚಿಯ ತುದಿಯಲ್ಲಿ ಕೂತರು. ಗುಟ್ಟು ಬಿಡದೆ ಮಾಹಿತಿ ಮಾತ್ರ ಪಡೆಯಬೇಕೆಂಬ ಜಾಣತನ ಅವರದು.

"ಒಬ್ಬ ಮನುಷ್ಯ ಇದ್ದಾನೆ ಅಂದ್ಕೊಳ್ಳಿ. ನಾನಲ್ಲ."

"ಅಂದ್ಕೊಂಡೆ" ಎಂದರು ಏಜೆಂಟರು, ಟೀ ಲೋಟ ಎತ್ತುತ್ತ.

"ಅವನು ನೀರಿಗೆ ಇಳೀತಾನೆ."

"ಜಾರಿ ಬೀಳ್ತಾನಾ?"

"ಇಲ್ಲ, ತಾನೇ ಇಳೀತಾನೆ. ಎಲ್ಲಾ ಯೋಚನೆ ಮಾಡಿ, ದಿನ ಗೊತ್ತು ಮಾಡ್ಕೊಂಡು."

ಏಜೆಂಟರ ಲೋಟ ಬಾಯಿಗೂ ಮೇಜಿಗೂ ನಡುವೆ ನಿಂತಿತು.

"ಇಳಿದೋನು ಅಕಸ್ಮಾತ್ ಮೇಲೆ ಬರಲಿಲ್ಲ ಅಂದ್ರೆ, ಈಗಿರೋ ಪಾಲಿಸಿಯಲ್ಲಿ ಹೆಂಡತಿಗೆ ಏನಾದ್ರೂ ಸಿಗುತ್ತಾ?"

"ತಾನಾಗೇ ಇಳಿದ್ರೆ... ಕಷ್ಟ ಸಾಹೇಬ್ರೇ."

"ಹಾಗೇ ಅಂದ್ಕೊಂಡಿದ್ದೆ. ಅಂಥೋರಿಗೆ ಅಂತಲೇ ಬೇರೆ ಪಾಲಿಸಿ ಇದೆಯಂತಲ್ಲ?"

ಏಜೆಂಟರು ಹತ್ತೊಂಬತ್ತು ವರ್ಷಗಳಿಂದ ಪಾಲಿಸಿ ಮಾರುತ್ತಿದ್ದವರು. ಬೇಡ ಎಂದವರಿಗೆ ಮಾರಿದ್ದರು, ಬಾಗಿಲು ಹಾಕಿಕೊಂಡವರಿಗೆ ಕಿಟಕಿಯಿಂದ ಮಾರಿದ್ದರು. ಒಬ್ಬ ಮನುಷ್ಯ ತಾನಾಗಿ ಬಂದು ಪಾಲಿಸಿ ಕೇಳಿದ್ದು ಇದೇ ಮೊದಲು. ಅದೂ ಇಂಥದ್ದು.

"ಅಂಥೋರಿಗೆ ಯಾರೂ ಕೊಡಲ್ಲ ಸಾಹೇಬ್ರೇ. ನೀವು... ಆ ಮನುಷ್ಯನಿಗೆ ಹೇಳಿ, ಅವಸರ ಮಾಡೋದು ಬೇಡ ಅಂತ."

"ಅವಸರ ಏನಿಲ್ಲ. ಇನ್ನೂ ಎರಡು ವಾರ ಇದೆ" ಎಂದು ಸಾಹೇಬರು ಎದ್ದರು. ಬಾಗಿಲ ಹತ್ತಿರ ತಿರುಗಿ, "ನಮ್ಮ ಮನೆಯವಳಿಗೆ ಮಾತ್ರ ಹೇಳ್ಬೇಡಿ. ಆಮೇಲೆ ಹೇಗೂ ಗೊತ್ತಾಗುತ್ತೆ" ಎಂದರು.

ಏಜೆಂಟರು ಮಾತು ಉಳಿಸಿಕೊಂಡರು. ಸಾಹೇಬರ ಹೆಂಡತಿಗೆ ಹೇಳಲಿಲ್ಲ. ತಮ್ಮ ಹೆಂಡತಿಗೆ ಹೇಳಿದರು.

ಅಷ್ಟಕ್ಕೇ ನಿಂತಿದ್ದರೆ ಅದೊಂದು ಅನುಮಾನವಾಗಿ ಉಳಿಯುತ್ತಿತ್ತು. ಅದನ್ನು ಸತ್ಯ ಮಾಡಿದವರು ಸ್ವತಃ ಸಾಹೇಬರು. ಮುಳುಗಲು ಎಷ್ಟು ಭಾರ ಬೇಕು ಎಂಬ ಪ್ರಶ್ನೆ ಅವರನ್ನು ಕಾಡುತ್ತಿತ್ತು. ತೂಕದ ಇಲಾಖೆಯವನಿಗೆ ತನ್ನ ತೂಕವೇ ತಿಳಿಯದಿದ್ದರೆ ಹೇಗೆ? ಶನಿವಾರ ಕಚೇರಿಯಿಂದ ಬರುವಾಗ, ಸವೆದುಹೋಗಿವೆ ಎಂದು ಮೂಲೆಗೆ ಹಾಕಿದ್ದ ಎರಡು ಕಿಲೋದ ನಾಲ್ಕು ಕಬ್ಬಿಣದ ಬಟ್ಟುಗಳನ್ನು ಚೀಲದಲ್ಲಿ ತಂದರು. ಮಧ್ಯಾಹ್ನ ಬೀದಿಯೆಲ್ಲ ಊಟ ಮಾಡಿ ಮಲಗಿದ್ದಾಗ, ನಾಲ್ಕು ಮನೆಗಳಿಗೂ ಸೇರಿದ ಹಿಂದುಗಡೆಯ ನೀರಿನ ತೊಟ್ಟಿಯ ಹತ್ತಿರ ಹೋಗಿ, ಚಡ್ಡಿ ಬನಿಯನ್ನಿನಲ್ಲಿ ನಿಂತು, ಬಟ್ಟುಗಳನ್ನು ಹಗ್ಗದಲ್ಲಿ ಪೋಣಿಸಿ ಸೊಂಟಕ್ಕೆ ಬಿಗಿದುಕೊಂಡರು. ಒಂದು ಕಾಲನ್ನು ತೊಟ್ಟಿಯೊಳಗೆ ಇಟ್ಟದ್ದೇ ತಡ, ಏಜೆಂಟರ ಹೆಂಡತಿ ಬಟ್ಟೆ ಒಣಹಾಕಲು ಬಂದಳು.

"ಸಾಹೇಬ್ರೇ, ಏನ್ಮಾಡ್ತಿದ್ದೀರಿ?"

"ಏನಿಲ್ಲಮ್ಮ, ಮುಳುಗ್ತೀನೋ ಇಲ್ವೋ ನೋಡ್ತಿದ್ದೆ."

ಆಕೆ ಅವರ ಸೊಂಟದ ಬಟ್ಟುಗಳನ್ನು ಎಣಿಸಿದಳು.

"ಇಷ್ಟು ಸಾಲಲ್ಲ ಅನ್ಸುತ್ತೆ" ಎಂದರು ಸಾಹೇಬರು, ಸೊಂಟ ತಟ್ಟಿಕೊಂಡು. "ನಿಮ್ಮನೇಲಿ ಹಳೇ ಇಸ್ತ್ರಿಪೆಟ್ಟಿಗೆ ಏನಾದ್ರೂ ಇದೆಯಾ? ಭಾರದ್ದು?"

ಒಗೆದ ಬಟ್ಟೆಯೆಲ್ಲ ಮಣ್ಣಿಗೆ ಬಿತ್ತು. ಸಂಜೆಯೊಳಗೆ ತೊಟ್ಟಿಯ ಮುಚ್ಚಳಕ್ಕೆ ಬೀಗ ಬಿತ್ತು. ಬೀಗದ ಕೈ ಏಜೆಂಟರ ಜೇಬು ಸೇರಿತು. ಅಂದಿನಿಂದ ನಾಲ್ಕು ಮನೆಯವರೂ ಒಂದು ಬಿಂದಿಗೆ ನೀರಿಗೆ ಅವರ ಬಾಗಿಲು ತಟ್ಟಬೇಕಾಯಿತು. ಯಾರೂ ಗೊಣಗಲಿಲ್ಲ. ಒಂದು ಜೀವ ಉಳಿಸುವುದಕ್ಕಾಗಿ ನಮ್ಮ ಬೀದಿ ಮುಖ ತೊಳೆಯುವುದನ್ನೇ ಕಡಿಮೆ ಮಾಡಿತು. ಸಾಹೇಬರ ಹೆಂಡತಿಗೂ ಅಂದೇ ಗೊತ್ತಾಯಿತು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, "ಪ್ರತಿ ಭಾನುವಾರ ಅತ್ಕೊಂಡು ಬರ್ತಿದ್ರು" ಎಂದಷ್ಟೇ ಹೇಳಿದಳಂತೆ. ಮರುದಿನ ಬೆಳಿಗ್ಗೆ ಆಕೆ ಏಳುವ ಮೊದಲೇ ಸಾಹೇಬರು ಐದನೆಯ ಪಾಠಕ್ಕೆ ಹೊರಟುಬಿಟ್ಟಿದ್ದರು.

ಸೋಮವಾರ ಕಚೇರಿಯಲ್ಲಿ ಸೂಪರಿಂಟೆಂಡೆಂಟರು ಸಾಹೇಬರನ್ನು ಒಳಗೆ ಕರೆದರು. ಅದು ಆಗಾಗ ಆಗುವುದೇ. ಆದರೆ ಅಂದು ಅವರು ಕುರ್ಚಿ ತೋರಿಸಿದರು, ಬಾಗಿಲು ಮುಚ್ಚಿದರು, ಎರಡು ಟೀ ತರಿಸಿದರು. ಏಜೆಂಟರು ಬೆಳಿಗ್ಗೆಯೇ ಅವರಿಗೆ ಫೋನು ಮಾಡಿದ್ದರು.

"ವಿಷಯ ಗೊತ್ತಾಯ್ತು" ಎಂದರು ಮೆಲ್ಲಗೆ.

ಗುಟ್ಟು ಬಯಲಾಯಿತೆಂದು ಸಾಹೇಬರಿಗೆ ನಾಚಿಕೆಯಾಯಿತು. ಜೊತೆಗೆ, ಟೀ ಬಂದದ್ದರಿಂದ, ಹೆಮ್ಮೆಯೂ ಆಯಿತು. "ಯಾರಿಗೂ ಹೇಳೋದು ಬೇಡ ಅಂತಿದ್ದೆ ಸರ್."

"ಯಾಕ್ರೀ ಹೀಗನ್ನಿಸ್ತು ನಿಮಗೆ?"

"ಏನು ಸರ್, ಇಷ್ಟು ವರ್ಷ ಮೇಲೇ ಇದ್ದಾಯ್ತು. ಕೆಳಗೆ ಹೇಗಿರುತ್ತೆ ನೋಡೋಣ ಅನ್ನಿಸ್ತು. ಬಹಳ ನೆಮ್ಮದಿಯಾಗಿರುತ್ತಂತೆ. ಹೋದೋರು ಹೇಳ್ತಾರೆ."

"ಹೋದೋರು ಹೇಗ್ರೀ ಹೇಳ್ತಾರೆ?"

"ನಮ್ಮ ಬ್ಯಾಚಲ್ಲಿ ಎಂಟು ಜನ ಇದ್ದೀವಿ ಸರ್. ಎಲ್ರದ್ದೂ ಒಂದೇ ಆಸೆ. ಕರ್ಕೊಂಡು ಹೋಗೋಕೆ ಒಬ್ಬ ಹೆಣ್ಣುಮಗಳಿದ್ದಾರೆ. ಒಬ್ಬೊಬ್ಬರನ್ನೇ ಕೈ ಹಿಡಿದು ಕೆಳಗೆ ಬಿಡ್ತಾರೆ."

ಸೂಪರಿಂಟೆಂಡೆಂಟರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಸರ್ಕಾರಿ ಸೇವೆಯಲ್ಲಿ ಅವರು ಬಹಳ ಕಂಡಿದ್ದರು, ಆದರೆ ಸಾಯುವುದಕ್ಕೆ ಬ್ಯಾಚು ಮಾಡಿ ಟೀಚರನ್ನಿಟ್ಟದ್ದು ಕಂಡಿರಲಿಲ್ಲ. ಮೇಜಿನ ಕೆಳಗಿನ ಡ್ರಾಯರನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಹೇಳಿದರು:

"ನಿಮ್ಮ ಬಡ್ತಿ ಫೈಲು ಆರು ವರ್ಷದಿಂದ ಇದರಲ್ಲೇ ಇದೆ. ಮೇಲಿನವರು ಕೇಳಿದಾಗ ಸಿಕ್ಕಿಲ್ಲ ಅಂದಿದ್ದೆ. ಅದಕ್ಕೇ ಅಲ್ಲ ತಾನೇ?"

"ಅಯ್ಯೋ, ಅದಕ್ಕೂ ಇದಕ್ಕೂ ಏನು ಸಂಬಂಧ ಸರ್" ಎಂದರು ಸಾಹೇಬರು ನಗುತ್ತ. ಆಮೇಲೆ ನಗು ಮೆಲ್ಲಗೆ ನಿಂತಿತು. ಆ ಫೈಲು ಮೇಲಿನವರ ಹತ್ತಿರ ಇದೆ ಎಂದೇ ಅವರು ಆರು ವರ್ಷದಿಂದ ನಂಬಿದ್ದರು.

ಆ ವಾರ ಪೂರ್ತಿ ರಜೆ ಕೇಳದೆಯೇ ಮಂಜೂರಾಯಿತು. ಮನೆಗೆ ಬಂದರೆ ಭಾವಮೈದ ಚೀಲದೊಂದಿಗೆ ಬಂದಿಳಿದಿದ್ದ. "ಸುಮ್ನೆ ಬಂದೆ ಭಾವ" ಎಂದ. ಆ ಮನೆಗೆ ಅವನು ಸುಮ್ಮನೆ ಬಂದದ್ದೇ ಇಲ್ಲ. ಈ ಸಲ ಮಾತ್ರ ನೆರಳಿನಂತೆ ಹಿಂದೆ ಬಿದ್ದ. ಸಾಹೇಬರು ಕಿಟಕಿ ತೆಗೆದರೆ ಇವನು ಮುಚ್ಚಿದ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಸ್ಟೂಲು ಹಾಕಿ ಕೂತ.

"ಭಾವ, ಒಳಗಿದ್ದೀರಾ?"

"ಇದ್ದೀನಪ್ಪ. ಇನ್ನೆಲ್ಲಿ ಹೋಗ್ಲಿ?"

"ಸುಮ್ನೆ ಇರಬೇಡಿ ಭಾವ. ಏನಾದ್ರೂ ಹಾಡ್ತಾ ಇರಿ. ಹಾಡು ನಿಂತ್ರೆ ನಾನು ಬಾಗಿಲು ಒಡೀತೀನಿ."

ಸಾಹೇಬರಿಗೆ ಹಾಡು ಬರುತ್ತಿರಲಿಲ್ಲ. ಮೈಗೆ ಸೋಪು ಹಚ್ಚಿಕೊಂಡು ಎರಡರಿಂದ ಹನ್ನೆರಡರ ತನಕ ಮಗ್ಗಿ ಹೇಳಿದರು.

ವಿಮೆಗೆ ಬೇಕಾದೀತೆಂದು ಫಿಟ್ನೆಸ್ ಸರ್ಟಿಫಿಕೇಟಿಗೆ ಡಾಕ್ಟರ ಹತ್ತಿರ ಹೋದರೆ, ಅವರಿಗೂ ಸುದ್ದಿ ಮುಟ್ಟಿತ್ತು. "ನೀರಿಗಿಳಿಯೋಕೆ ನನಗೆ ಏನೂ ತೊಂದರೆ ಇಲ್ಲ ಅಂತ ಎರಡು ಸಾಲು ಬರ್ಕೊಡಿ ಡಾಕ್ಟ್ರೇ" ಎಂದಾಗ ಡಾಕ್ಟರು ಪೆನ್ನನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. "ಮನೆಗೆ ಹೋಗಿ ಹಾಲು ಕುಡಿದು ಮಲಗಿ" ಎಂದರು.

ಸಾಹೇಬರು ಇದನ್ನೆಲ್ಲ ಅರ್ಥ ಮಾಡಿಕೊಂಡದ್ದು ತಮ್ಮದೇ ರೀತಿಯಲ್ಲಿ. ನಾನು ಸಮುದ್ರಕ್ಕಿಳಿಯುವವನು, ಅದಕ್ಕೆ ಈ ಗೌರವ, ಈ ಕಾಳಜಿ. ಹೆಂಡತಿ ಎರಡು ಸಲ ಬಡಿಸುತ್ತಾಳೆ. ಏಜೆಂಟರು ಎದುರು ಸಿಕ್ಕರೆ ಕೈ ಹಿಡಿದು ಒತ್ತುತ್ತಾರೆ. ಇಷ್ಟು ಜನ ತಮ್ಮ ಮೇಲೆ ಪ್ರೀತಿ ಇಟ್ಟಿದ್ದರೆಂದು ಅವರಿಗೆ ಗೊತ್ತಿರಲಿಲ್ಲ. ಆ ಒಂದು ವಾರ, ಬಹುಶಃ ಅವರ ಜೀವನದಲ್ಲೇ ಅತ್ಯಂತ ಸುಖದ ವಾರ.

ಶನಿವಾರ ಬೆಳಿಗ್ಗೆ ತಿಂಡಿ ತಿನ್ನುತ್ತ ಹೇಳಿದರು: "ನಾಳೆ ಹೋಗ್ತೀನಿ. ಮುಚ್ಚಿಟ್ಟು ಏನು ಪ್ರಯೋಜನ, ಎಲ್ಲರಿಗೂ ಗೊತ್ತಾಗಿದೆ."

ಹೆಂಡತಿಯ ಕೈಯಿಂದ ಸೌಟು ಬಿತ್ತು. ಭಾವಮೈದ ಅಂಗಿ ಹಾಕಿಕೊಳ್ಳದೆಯೇ ಬೀದಿಗೆ ಓಡಿದ.

ಮಧ್ಯಾಹ್ನ ಮೂರಕ್ಕೆ ಸಾಹೇಬರ ಮುಂದಿನ ಕೋಣೆಯಲ್ಲಿ ಸಭೆ ಸೇರಿತು. ಏಜೆಂಟರು, ಅವರ ಹೆಂಡತಿ, ಸೂಪರಿಂಟೆಂಡೆಂಟರು, ಭಾವಮೈದ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಬೀಳ್ಕೊಡುಗೆಗೆ ಬಂದಿದ್ದಾರೆಂದು ಸಾಹೇಬರು ಒಗೆದ ಅಂಗಿ ಹಾಕಿಕೊಂಡು ಕೂತರು.

ಏಜೆಂಟರು ಗಂಟಲು ಸರಿಮಾಡಿಕೊಂಡರು. "ಸಾಹೇಬ್ರೇ, ಮನಸ್ಸಲ್ಲಿ ಇಟ್ಕೊಂಡ್ರೆ ಭಾರ. ನಾನೇ ಮೊದಲು ಹೇಳಿಬಿಡ್ತೀನಿ. ಬೀದಿ ಸಂಘಕ್ಕೆ ನಿಮ್ಮನ್ನ ಸೇರಿಸ್ಕೊಳ್ಳೋದು ಬೇಡ ಅಂದೋನು ನಾನೇ. ನೀವು ಬಂದ್ರೆ ಮಾತು ನಿಂತುಹೋಗುತ್ತೆ ಅಂತ."

"ಬೀದಿಗೆ ಸಂಘ ಇದೆಯಾ?" ಎಂದರು ಸಾಹೇಬರು.

"ಒಂಬತ್ತು ವರ್ಷ ಆಯ್ತು."

ಏಜೆಂಟರ ಹೆಂಡತಿ ಮೂಗು ಸೀಟಿಕೊಂಡಳು. "ನಾನೂ ತಪ್ಪು ಮಾಡಿದೀನಿ. ನೀವು ಒಂದು ಭುಜ ಇಳಿಸ್ಕೊಂಡು ನಡೆಯೋದನ್ನ ನಮ್ಮನೆ ಮಕ್ಕಳಿಗೆ ಮಾಡಿ ತೋರಿಸ್ತಿದ್ದೆ. ಅವು ನಗ್ತಿದ್ವು."

ಸಾಹೇಬರು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡರು.

"ಭಾವ" ಎಂದ ಭಾವಮೈದ, ನೆಲ ನೋಡುತ್ತ. "ನಿಮ್ಮ ಸ್ಕೂಟರ್ ಕಳ್ಳ ಕದ್ದದ್ದಲ್ಲ."

"ಮತ್ತೆ?"

"ನಾನೇ."

"ಪೊಲೀಸ್ ಕಂಪ್ಲೇಂಟ್ ಕೊಡೋಕೆ ನನ್ನ ಜೊತೆ ನೀನೇ ಬಂದಿದ್ಯಲ್ಲೋ."

"ಅದಕ್ಕೇ ಬಂದಿದ್ದೆ ಭಾವ."

ಸೂಪರಿಂಟೆಂಡೆಂಟರು ಎಲ್ಲರಿಗೂ ಸೇರಿಸಿ ಸಾರಾಂಶ ಹೇಳಿದರು: "ನೋಡಿ, ನಿಮ್ಮ ಸ್ಥಾನದಲ್ಲಿ ಯಾರೇ ಇದ್ರೂ ಹೀಗೇ ಯೋಚನೆ ಮಾಡ್ತಿದ್ರು. ಕಾರಣ ಇಲ್ಲ ಅಂತ ನಾವು ಹೇಳ್ತಿಲ್ಲ. ಆದ್ರೂ ಜೀವ ಕಳ್ಕೊಳ್ಳೋದು ಪರಿಹಾರ ಅಲ್ಲ."

ಸಾಹೇಬರು ಒಬ್ಬೊಬ್ಬರ ಮುಖವನ್ನೂ ನೋಡಿದರು, ತಕ್ಕಡಿಯ ಮುಳ್ಳು ನೋಡುವಂತೆ.

"ಜೀವ ಯಾರು ಕಳ್ಕೊಳ್ತಿದ್ದಾರೆ?"

"ನೀವು ಸಾಯೋಕೆ ಹೊರಟಿಲ್ವಾ ಭಾವ?"

"ನಾನು ಸ್ಕೂಬಾ ಕಲೀತಿದ್ದೀನಿ ಕಣೋ."

ಒಳಗೆ ಹೋಗಿ ಮಾಸ್ಕ್ ತಂದರು. ಶಾಲೆಯ ಗುರುತಿನ ಚೀಟಿ ತಂದರು. ಚೀಟಿಯ ಫೋಟೋದಲ್ಲಿ ಅವರು ಕಪ್ಪು ರಬ್ಬರ್ ಉಡುಪಿನಲ್ಲಿ, ಒಳಗೆಳೆದುಕೊಂಡ ಹೊಟ್ಟೆಯನ್ನು ಬಿಡಲಾರದೆ ನಿಂತಿದ್ದರು. ಚೀಟಿ ಕೈಯಿಂದ ಕೈಗೆ ಹೋಯಿತು. ಮೊದಲು ಎಲ್ಲರ ಮುಖದಲ್ಲೂ ಸಮಾಧಾನ ಬಂತು. ಆಮೇಲೆ ಅದರ ಜಾಗದಲ್ಲಿ ಬೇರೇನೋ ಬಂತು. ಮೋಸ ಹೋದವರ ಮುಖ.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?" ಎಂದಳು ಏಜೆಂಟರ ಹೆಂಡತಿ. "ಒಂದು ವಾರದಿಂದ ನೀರಿಲ್ಲದೆ ಸಾಯ್ತಿದ್ದೀವಿ."

"ಸಂಘದ ವಿಷಯ ನಾನು ತಮಾಷೆಗೆ ಹೇಳಿದ್ದು" ಎಂದರು ಏಜೆಂಟರು.

"ಆ ಫೈಲು ಬೇರೆ ಯಾರದ್ದೋ ಇರಬೇಕು. ಸೋಮವಾರ ಹತ್ತಕ್ಕೆ ಸರಿಯಾಗಿ ಬನ್ನಿ" ಎಂದರು ಸೂಪರಿಂಟೆಂಡೆಂಟರು.

ಭಾವಮೈದನ ಚೀಲ ಆಗಲೇ ಕೈಯಲ್ಲಿತ್ತು.

ಎಲ್ಲರೂ ಎದ್ದರು. ಸಾಹೇಬರು ಬಾಗಿಲಿಗೆ ಅಡ್ಡ ನಿಂತು, ಬಹಳ ವಿನಯದಿಂದ, ಅರ್ಜಿ ಕೊಡುವವರಂತೆ ಕೇಳಿದರು:

"ಒಂದು ಮಾತು. ನಾನು ಸಾಯ್ತೀನಿ ಅಂತ ಕೇಳಿದಾಗ ಯಾರಿಗೂ... ಇವರ್ಯಾಕೆ ಸಾಯ್ತಾರೆ ಅಂತ ಅನ್ನಿಸ್ಲಿಲ್ವಾ? ಒಬ್ಬರಿಗಾದ್ರೂ?"

ಸೂಪರಿಂಟೆಂಡೆಂಟರು ಗಡಿಯಾರ ನೋಡಿಕೊಂಡರು. ಏಜೆಂಟರು ಚಪ್ಪಲಿ ಹುಡುಕಿದರು. ಒಂದು ನಿಮಿಷದಲ್ಲಿ ಕೋಣೆ ಖಾಲಿಯಾಯಿತು.

ಸಾಹೇಬರು ಅಡುಗೆಮನೆಗೆ ಹೋದರು. ಹೆಂಡತಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಅವರು ನೀರಿನ ಡ್ರಮ್ಮಿನ ಪಕ್ಕ ನಿಂತರು. ಎಲ್ಲರಿಗೂ ಒಂದೊಂದು ಕಾರಣ ಗೊತ್ತಿತ್ತು. ಇವಳದ್ದೊಂದು ಬಾಕಿ.

"ನೀನೂ ನಂಬಿದ್ಯಾ?"

"ನಂಬಿದೆ."

"ಯಾವ ಕಾರಣಕ್ಕೆ ಅಂದ್ಕೊಂಡೆ?"

ಆಕೆ ಕೈ ಒರೆಸಿಕೊಂಡಳು. "ನೀವಿದ್ರೂ ಒಂದೇ, ಇಲ್ಲದಿದ್ರೂ ಒಂದೇ ಅಂತ ಅಂದಿದ್ದೆ."

ಸಾಹೇಬರು ನೆನಪು ಮಾಡಿಕೊಳ್ಳಲು ನೋಡಿದರು. "ಯಾವಾಗ ಅಂದೆ? ನಂಗೆ ನೆನಪೇ ಇಲ್ಲ."

"ಬಾಯಿಬಿಟ್ಟು ಅನ್ನಲಿಲ್ಲ. ಮನಸ್ಸಲ್ಲಿ ಅಂದ್ಕೊಂಡೆ. ಬಹಳ ಸಲ." ಆಕೆ ಕಿಟಕಿಯ ಕಡೆ ತಿರುಗಿದಳು. "ನಿಮಗೆ ಕೇಳಿಸ್ತೇನೋ ಅಂತ ಹೆದರಿಕೆ ಆಯ್ತು."

ಸಾಹೇಬರು ಅಲ್ಲಿದ್ದ ಬಟ್ಟೆ ತೆಗೆದುಕೊಂಡು ಅವಳು ತೊಳೆದಿಟ್ಟ ಪಾತ್ರೆಗಳನ್ನು ಒಂದೊಂದಾಗಿ ಒರೆಸಿದರು. ಎಲ್ಲ ಮುಗಿದ ಮೇಲೆ, "ನಾಳೆ ಹೋಗಲ್ಲ ಬಿಡು. ಎಲ್ಲಾ ಹಾಳಾಯ್ತು" ಎಂದರು.

"ಹೋಗಿ" ಎಂದಳು ಹೆಂಡತಿ. "ನಾನೂ ಬರ್ತೀನಿ."

ಬೆಳಿಗ್ಗೆ ಬಂದರಿನಲ್ಲಿ ಗಾಳಿ ಜೋರಾಗಿತ್ತು. ಸಾಹೇಬರು ಟೀಚರಿಗೆ ವಿಮೆಯ ಕಥೆ ಹೇಳಿದರು: ಪಾಲಿಸಿಯಲ್ಲಿ ನೀರೊಳಗಿನದು ಸೇರಿಲ್ಲ, ಏಜೆಂಟರು ಕೊಡುವುದಿಲ್ಲ, ಡಾಕ್ಟರು ಬರೆಯುವ ಬದಲು ಹಾಲು ಕುಡಿ ಅಂದರು.

"ಸರ್, ಇದಕ್ಕೆ ಅವರ್ಯಾರೂ ಬೇಡವಲ್ಲ" ಎಂದಳು ಅವಳು. "ಮುಳುಗೋರದ್ದೇ ವಿಮೆ ಬೇರೆ ಇದೆ. ಫೋನಲ್ಲೇ ಹತ್ತು ನಿಮಿಷ." ಹೆಸರು, ವಯಸ್ಸು, ಇದುವರೆಗೆ ಎಷ್ಟು ಸಲ ಇಳಿದಿದ್ದೀರಿ ಎಂದು ಫೋನು ಕೇಳಿತು. ಸೊನ್ನೆ ಎಂದು ಒತ್ತಿದರು. ದಮ್ಮು, ಎದೆನೋವು, ಕಿವಿ ನೋವು ಇದೆಯೇ ಎಂದಿತು, ಇಲ್ಲ ಎಂದರು. ಬದುಕಿನಲ್ಲಿ ಬೇಜಾರಿದೆಯೇ ಎಂದು ಎಲ್ಲೂ ಕೇಳಲಿಲ್ಲ. ಎರಡು ವಾರ ಬೀದಿಯನ್ನೆಲ್ಲ ಕಂಗೆಡಿಸಿದ ಪ್ರಶ್ನೆ, ದೋಣಿಯವನು ಹಗ್ಗ ಬಿಚ್ಚುವಷ್ಟರಲ್ಲಿ ಮುಗಿಯುತ್ತ ಬಂದಿತ್ತು.

ಹೆಂಡತಿ ಪಕ್ಕದಿಂದ ಕೇಳಿದಳು, "ಇದು ಸತ್ರೆ ಕೊಡೋದಾ, ಬದುಕಿದ್ರೆ ಕೊಡೋದಾ?"

"ಬದುಕಿಸ್ಕೊಂಡು ಬರೋಕೆ ಅಮ್ಮ. ಕೆಳಗೆ ಹೆಚ್ಚುಕಮ್ಮಿ ಆದ್ರೆ ದೋಣಿ, ಆಸ್ಪತ್ರೆ, ಗಾಳಿ ಒತ್ತಡದ ಕೋಣೇಲಿ ಚಿಕಿತ್ಸೆ, ಇದಕ್ಕೆಲ್ಲ. ಸಾಯೋರಿಗೆ ಇದರಿಂದ ಅಂಥಾ ಲಾಭ ಇಲ್ಲ."

"ಹಾಗಾದ್ರೆ ಮಾಡಿಸಿ" ಎಂದಳು ಆಕೆ.

ಸಾಹೇಬರ ಸಮುದ್ರ ಜೀವನವನ್ನು ಬೇಗ ಹೇಳಿ ಮುಗಿಸಬಹುದು. ಒಟ್ಟು ಆಳ ನಾಲ್ಕು ಮೀಟರು, ಒಟ್ಟು ಸಮಯ ಎರಡು ನಿಮಿಷ. ಹಗ್ಗ ಹಿಡಿದು ಇಳಿಯುವಾಗ ಎಡಗಿವಿ ನೋಯತೊಡಗಿತು. ನೋವಾದರೆ ನಿಲ್ಲಬೇಕು, ಮೂಗು ಹಿಡಿದು ಮೆತ್ತಗೆ ಊದಬೇಕು, ಆಗದಿದ್ದರೆ ಸನ್ನೆ ಮಾಡಬೇಕು ಎಂದು ಐದು ವಾರ ಕಲಿಸಿದ್ದರು. ಆದರೆ ಟೀಚರು ಕೆಳಗೆ ಅಷ್ಟು ಉತ್ಸಾಹದಿಂದ ಕಾಯುತ್ತಿದ್ದಾಳೆ, ಅವಳಿಗೇಕೆ ತೊಂದರೆ ಎಂದು ಸಾಹೇಬರು ಸುಮ್ಮನೆ ಇಳಿದರು. ಇಪ್ಪತ್ತಾರು ವರ್ಷ ಹೀಗೆಯೇ ಇದ್ದವರು. ಕಿವಿಯೊಳಗೆ ಏನೋ ಹರಿದಂತಾಯಿತು. ಲೋಕವೆಲ್ಲ ಗಿರಗಿರ ತಿರುಗಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ಕೈಕಾಲು ಬಡಿದು ನುಗ್ಗಿದರು. ಟೀಚರು ಕಾಲು ಹಿಡಿದು, ಉಸಿರು ಬಿಡಿಸಿ, ನಿಧಾನವಾಗಿ ಮೇಲೆ ತಂದಳು. ದೋಣಿಯಲ್ಲಿ ಮಲಗಿಸಿದಾಗ ಎಡಗಿವಿಯಿಂದ ರಕ್ತ ಬರುತ್ತಿತ್ತು.

ಆಸ್ಪತ್ರೆಯ ಕೌಂಟರಿನವನು ತಲೆ ಎತ್ತದೆ ಕೇಳಿದ: "ವಿಮೆ ಇದೆಯಾ?"

ಹೆಂಡತಿ ಫೋನು ತೋರಿಸಿದಳು. ಅವನು ಓದಿ, "ಇದು ಸರಿಯಾದ್ದೇ" ಎಂದ. ಸಾಹೇಬರು ಇಡೀ ಜೀವನದಲ್ಲಿ ಯಾವುದೇ ಕೌಂಟರಿನಲ್ಲಿ ಕೊಟ್ಟ ಕಾಗದ ಮೊದಲ ಸಲಕ್ಕೇ ಸರಿಯಾದದ್ದು ಅದೊಂದೇ. ಆ ಮಾತು ಅವರಿಗೆ ಸರಿಯಾಗಿ ಕೇಳಿಸಲಿಲ್ಲ ಎನ್ನುವುದು ಬೇರೆ ವಿಷಯ.

ಗಾಳಿ ಒತ್ತಡದ ಕೋಣೆ ಬೇಕಾಗಲಿಲ್ಲ. ಕಿವಿಯ ತಮಟೆ ಹರಿದಿದೆ, ಒಂದೆರಡು ತಿಂಗಳಲ್ಲಿ ಕೂಡಿಕೊಳ್ಳಬಹುದು, ಅಲ್ಲಿಯವರೆಗೆ ಎಡಗಡೆ ಅಷ್ಟಾಗಿ ಕೇಳಿಸದು, ನೀರಿನ ಸಹವಾಸ ಇನ್ನು ಬಿಟ್ಟುಬಿಡಿ ಎಂದು ಕಿವಿಯ ಡಾಕ್ಟರು ಹೇಳಿದರು. ಹೆಂಡತಿ ಅದನ್ನು ಬಲಗಿವಿಗೆ ಮತ್ತೊಮ್ಮೆ ಹೇಳಿದಳು. ಸಾಹೇಬರು ತಲೆಯಾಡಿಸಿದರು. ಐದು ವಾರದ ಕಲಿಕೆ, ನಾಲ್ಕು ಮೀಟರು, ಒಂದು ಕಿವಿ. ನೋಡಿದ್ದು ಒಂದೇ ಒಂದು ಮೀನು, ಅದೂ ಬೆನ್ನು ತಿರುಗಿಸಿ ಹೋಗುತ್ತಿತ್ತು.

ಔಷಧಿಗೆ ಕಾಯುತ್ತ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ಫೋನು ಬಂತು. ಸೂಪರಿಂಟೆಂಡೆಂಟರು. ದೋಣಿಯಿಂದ ಇಳಿಸಿ ಸ್ಟ್ರೆಚರಿನಲ್ಲಿ ತಂದದ್ದನ್ನು ಬಂದರಿನ ಹತ್ತಿರದ ಅಂಗಡಿಯವನು ನೋಡಿದ್ದ. ಸುದ್ದಿ ಸಾಹೇಬರಿಗಿಂತ ಮೊದಲೇ ಬೀದಿ ಸೇರಿತ್ತು. ಫೋನಿನ ಧ್ವನಿ ಹೆಂಡತಿಗೂ ಕೇಳುವಷ್ಟು ಜೋರಾಗಿತ್ತು.

"ಸ್ಕೂಬಾ ಗೀಬಾ ಅಂತ ನಮ್ಮನ್ನ ನಂಬಿಸಿ, ಕೊನೆಗೂ ಸಮುದ್ರಕ್ಕೇ ಹೋಗಿಬಿಟ್ರಲ್ರೀ. ಇರಲಿ, ಬದುಕಿದ್ರಲ್ಲ, ಅಷ್ಟು ಸಾಕು. ಒಂದು ತಿಂಗಳು ರಜೆ ಹಾಕಿದ್ದೀನಿ. ಆ ಫೈಲೂ ನಾಳೆ ಮೇಲಕ್ಕೆ ಕಳಿಸ್ತೀನಿ. ಏಜೆಂಟರು ಮತ್ತೆ ತೊಟ್ಟಿಗೆ ಬೀಗ ಹಾಕಿದ್ದಾರಂತೆ, ಯೋಚನೆ ಮಾಡ್ಬೇಡಿ."

ಸಾಹೇಬರು ಇಲ್ಲ ಸರ್, ಹಾಗಲ್ಲ ಸರ್ ಎಂದು ಎರಡು ಸಲ ಹೇಳಲು ಹೋದರು. ಆಮೇಲೆ ಫೋನನ್ನು ಮಡಿಲಲ್ಲಿ ಇಟ್ಟುಕೊಂಡರು. ಎದುರಿನ ಗೋಡೆಯಲ್ಲಿ ಬಣ್ಣ ಸುಲಿದು ಹೋಗಿತ್ತು. ಅದನ್ನೇ ನೋಡುತ್ತ ಕೂತರು. ಮುಖ ಬತ್ತಿತ್ತು. ಎಡಭುಜ ಎಂದಿಗಿಂತ ಹೆಚ್ಚು ಇಳಿದಿತ್ತು.

ಎಡಗಡೆ ಕೂತಿದ್ದ ಹೆಂಡತಿ ಏನೋ ಹೇಳಿದಳು.

"ಏನಂದೆ?"

ಆಕೆ ಎದ್ದಳು, ಬೆಂಚನ್ನು ಸುತ್ತಿಕೊಂಡು ಬಂದು ಅವರ ಬಲಗಡೆ ಕೂತಳು. "ಹಸಿವಾಗ್ತಿದೆಯಾ ಅಂದೆ."

ಈ ಸಲ ಸಾಹೇಬರಿಗೆ ಸ್ಪಷ್ಟವಾಗಿ ಕೇಳಿಸಿತು. ಆದರೂ ಕಿವಿಯ ಹತ್ತಿರ ಕೈ ಇಟ್ಟುಕೊಂಡು, "ಏನು?" ಎಂದರು.

ಆಕೆ ಇನ್ನಷ್ಟು ಹತ್ತಿರ ಸರಿದು ಮೂರನೆಯ ಸಲ ಕೇಳಿದಳು.